ಎದುರು ಗಾಳಿಗೆ ಎಂಟು ಗಜದ ಸೀರೆ

ಬಾಗಲಕೋಟೆಯಿಂದ ಹೊರಡುವಾಗ

ನೆದರ್ಲೆಂಡ್ಸ್‌ಗೆ ಹೋಗಿ ಬಂದವರು ಟುಲಿಪ್ ತೋಟದ ಬಗ್ಗೆ ಹೇಳುತ್ತಾರೆ, ಗಾಳಿಗಿರಣಿಯ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಎರಡೂ ಇಲ್ಲ. ಅಲ್ಲಿದ್ದ ಒಂದು ತಿಂಗಳು ನಾನು ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ. ಬೆಳಿಗ್ಗೆ ಸೈಕಲ್ ಹತ್ತಿ ಆಫೀಸಿಗೆ ಹೋಗುವುದು, ಹೋಗಿ ಮುಟ್ಟಿದ ಮೇಲೆ ಆಫೀಸಿಗೆ ಬಂದವಳ ಹಾಗೆ ಕಾಣುವುದು. ಮೊದಲನೆಯದು ಸುಲಭ. ಎರಡನೆಯದಕ್ಕೆ ನಾನು ಪಟ್ಟ ಪಾಡು, ಪಟ್ಟ ಖುಷಿ ಎರಡನ್ನೂ ಹೇಳುತ್ತೇನೆ, ಕೇಳಿ.

ನನ್ನ ಹೆಸರು ಗಿರಿಜಾ. ಬಾಗಲಕೋಟೆಯ ನವನಗರದಲ್ಲಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಬೆಳೆಗಾರರ ಸಂಘವೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹುನಗುಂದದ ಹತ್ತಿರ ಸಂಘದ್ದೊಂದು ಗೋದಾಮು ಇದೆ. ಬೇಸಿಗೆಯ ಬೆಳೆ ಅಲ್ಲಿ ಪೇರಿಸಿಟ್ಟು, ಮಳೆಗಾಲದಲ್ಲಿ ಒಳ್ಳೆಯ ಧಾರಣೆ ಬಂದಾಗ ಮಾರೋಣ ಎಂದು ಕಟ್ಟಿಸಿದ್ದು. ಆದರೆ ಒಳಗೆ ಗಾಳಿಯಾಡುವುದಿಲ್ಲ. ಎರಡು ವರ್ಷದಿಂದ ಅರ್ಧಕ್ಕರ್ಧ ಮಾಲು ಕೊಳೆತು, ಆ ದಾರಿಯಲ್ಲಿ ಹೋಗುವ ಬಸ್ಸಿನವರೂ ಮೂಗು ಮುಚ್ಚಿಕೊಳ್ಳುವಂತಾಗಿತ್ತು. ಈ ಸಲವೂ ಹೀಗೇ ಆದರೆ ಗೋದಾಮಿಗೆ ಬೀಗ ಎಂದು ಸಭೆಯಲ್ಲಿ ಮಾತಾಗಿತ್ತು.

ಅಷ್ಟರಲ್ಲಿ ನೆದರ್ಲೆಂಡ್ಸ್‌ನ ಒಂದು ಕಂಪನಿಯ ಸುದ್ದಿ ಬಂತು. ಉಳ್ಳಾಗಡ್ಡಿ ಗೋದಾಮುಗಳಿಗೆ ದೊಡ್ಡ ದೊಡ್ಡ ಫ್ಯಾನು ಕೂರಿಸುವವರು ಅವರು. ಪ್ರಯೋಗಕ್ಕೆಂದು ಹೊರದೇಶದ ಒಂದೇ ಒಂದು ಗೋದಾಮಿಗೆ ತಮ್ಮ ಖರ್ಚಿನಲ್ಲೇ ಫ್ಯಾನು ಹಾಕಿಕೊಡುತ್ತಾರಂತೆ. ಆಸೆಯಿದ್ದವರು ಒಂದು ತಿಂಗಳು ಬಂದು ಕೆಲಸ ನೋಡಬೇಕು, ಕೊನೆಯ ಶುಕ್ರವಾರ ತಮ್ಮ ಊರಿನ ಪರವಾಗಿ ಮಾತಾಡಬೇಕು. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ತಪ್ಪಿಗೆ ಸಂಘದವರು ನನ್ನ ಹೆಸರು ಹಾಕಿದರು.

ಹೊರಡುವ ದಿನ ಸಂಘದ ಅಧ್ಯಕ್ಷರಾದ ಗೌಡರು ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂಡದೆ ನಿಂತೇ ಮಾತಾಡಿದರು. "ತಂಗೀ, ನೀ ಹೆಂಗರ ಮಾಡು, ಆ ಫ್ಯಾನ್ ತಗೊಂಡು ಬಾ. ಮತ್ತ ಮಾತಾಡೋ ದಿನ ಇಳಕಲ್ ಸೀರಿ ಉಟ್ಕೊಂಡು ಹೋಗು. ನಾವು ಯಾರು ಅನ್ನೂದು ಅವರ ಕಣ್ಣಿಗೆ ಕಾಣಬೇಕು."

ಇಳಕಲ್ಲಿನಲ್ಲಿರುವ ನಮ್ಮವ್ವ ಮಗ್ಗದವರಿಗೆ ನೂಲು ಸುತ್ತಿಕೊಡುತ್ತಾಳೆ. ಸೀರೆಯ ವಿಷಯ ಅವಳಿಗೆ ಬಿಟ್ಟರೆ ಮುಗಿಯಿತು. ಹಸಿರು ಒಡಲು, ಕೆಂಪು ಸೆರಗು, ಅಂಚಿಗೆ ಗೋಮಿ ನೇಯ್ಗೆಯ ದಡಿ ಇರುವ ತನ್ನ ಎಂಟು ಗಜದ ಸೀರೆಯನ್ನೇ ತಂದು ಚೀಲಕ್ಕೆ ತುರುಕಿದಳು.

"ಯವ್ವಾ, ಆರು ಗಜದ್ದು ಕೊಡು. ಇದನ್ನ ಸುತ್ಕೊಳ್ಳಾಕ ಅರ್ಧ ದಿನ ಬೇಕು."

"ಥಂಡಿ ಊರು ಅಂತೀದಿ. ಉಡಾಕ ಆಗದಿದ್ರ ಹೊದ್ಕೋ," ಎಂದಳು ಅವ್ವ.

ಮಿಡಲ್‌ಬರ್ಗ್, ಮೊದಲ ಸೋಮವಾರ

ಮಿಡಲ್‌ಬರ್ಗ್ ಸಮುದ್ರದ ಹತ್ತಿರದ ಊರು. ನಾನು ಉಳಿದುಕೊಂಡದ್ದು ಮಾರಿಕೆ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ. ಬಾಗಿಲು ತೆರೆದವರು ಮನೆಯ ಕೀಲಿಗಿಂತ ಮೊದಲು ಸೈಕಲ್ಲಿನ ಕೀಲಿ ಕೊಟ್ಟರು. ಒಣಕಲು ಕಪ್ಪು ಸೈಕಲ್ಲು, ನನ್ನ ಎದೆಮಟ್ಟ ಎತ್ತರ. ತಿಂಗಳ ಮಟ್ಟಿಗೆ ಇದು ನಿನ್ನದು ಎಂದು ತೋರಿಸಿ, ಇನ್ನು ನಿನ್ನ ಪಾಡಿಗೆ ನೀನು ಎಂಬಂತೆ ಒಳಗೆ ಹೋದರು.

ನನಗೆ ಸೈಕಲ್ ಹೊಸದಲ್ಲ. ಸರಕಾರ ಕೊಟ್ಟ ಸೈಕಲ್ಲಿನ ಮೇಲೆ ಹುನಗುಂದದ ಹೈಸ್ಕೂಲಿಗೆ ಮೂರು ವರ್ಷ ಹೋದವಳು ನಾನು. ಜಂಬದಿಂದಲೇ ಹತ್ತಿದೆ. ನಮ್ಮಲ್ಲಿ ಸೈಕಲ್ಲು ತಾನೇ ಉರುಳುತ್ತಿರುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಟರ್ರ್ ಎನ್ನಿಸುವುದು ಒಂದು ಚಟ, ಅದರಲ್ಲೇ ಒಂದು ಖುಷಿ. ಹಾಗೆಯೇ ತಿರುಗಿಸಿದೆ. ಅಲ್ಲಿನ ಸೈಕಲ್ಲಿಗೆ ಹಿಂದಕ್ಕೆ ತುಳಿದರೆ ಅದೇ ಬ್ರೇಕು ಎಂದು ಯಾರೂ ಹೇಳಿರಲಿಲ್ಲ. ಸೈಕಲ್ಲು ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಬೇಲಿಯ ಗಿಡದೊಳಗಿಂದ ಎದ್ದು ಬರುವಷ್ಟರಲ್ಲಿ ಮಾರಿಕೆ ಹೊರಗೆ ಬಂದು ಮೊದಲು ಗಿಡವನ್ನು ನೋಡಿದರು, ಆಮೇಲೆ ನನ್ನನ್ನು.

ಆಫೀಸು ಊರ ಹೊರಗೆ, ಹೊಲಗಳ ನಡುವೆ. ನೆಲ ನಮ್ಮ ಎರೆಹೊಲದ ಹಾಗೆ ಚಪ್ಪಟೆ. ಇದೇನು ಮಹಾ ಎಂದುಕೊಂಡೆ. ಗಾಳಿ ಇದೆಯಲ್ಲ, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಾದಾಮಿಯ ಗುಡ್ಡವನ್ನು ಕಾಲೇಜಿನ ಗೆಳತಿಯರಿಗಿಂತ ಮೊದಲೇ ಹತ್ತಿ ಮೇಲೆ ಕೂತವಳು ನಾನು, ಈ ಚಪ್ಪಟೆ ನೆಲದಲ್ಲಿ ಏದುಸಿರು ಬಿಟ್ಟೆ. ಆದರೂ ಹಟ. ಟ್ರ್ಯಾಕ್ ಪ್ಯಾಂಟು, ಬೂಟು, ಬೆನ್ನಿಗೆ ಇಸ್ತ್ರಿ ಮಾಡಿದ ಚೂಡಿದಾರ ಇಟ್ಟ ಚೀಲ. ಮುಂದೆ ಹೋಗುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹಿಂದೆ ಹಾಕುತ್ತ ನಡೆದೆ. ಕೋಟು ಹಾಕಿದ ಒಬ್ಬ ಮುದುಕ, ಎತ್ತರದ ಹಿಮ್ಮಡಿಯ ಚಪ್ಪಲಿಯ ಒಬ್ಬ ಹೆಂಗಸು, ಮುಂದೊಂದು ಹಿಂದೊಂದು ಮಗು ಕೂರಿಸಿಕೊಂಡ ಒಬ್ಬಾಕೆ. ಭಲೇ ಗಿರಿಜಾ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಫೀಸು ಮುಟ್ಟಿದಾಗ ಬೆವರು ಕಿವಿಯಿಂದ ಇಳಿಯುತ್ತಿತ್ತು, ಕೂದಲು ಗಾಳಿಗೆ ಎದ್ದು ನಿಂತಿತ್ತು. ಬಚ್ಚಲಲ್ಲಿ ಬಟ್ಟೆ ಬದಲಿಸಿ, ಮುಖ ತೊಳೆದು, ಹೆರಳು ಹಾಕಿಕೊಂಡು ಹೊರಬರುವಷ್ಟರಲ್ಲಿ ನಾನು ಹಿಂದೆ ಹಾಕಿದ್ದ ಎತ್ತರದ ಹಿಮ್ಮಡಿಯ ಹೆಂಗಸು ಎದುರಿನ ಮೇಜಿನಲ್ಲಿ ಕೂತು ಕಾಫಿ ಮುಗಿಸಿದ್ದಳು. ಅಂಗಿಯ ಒಂದು ಗೆರೆ ಮುದುಡಿರಲಿಲ್ಲ. ಅವಳ ಹೆಸರು ಆನೆಕೆ, ತಿಂಗಳಿಡೀ ನನಗೆ ಕೆಲಸ ತೋರಿಸಿಕೊಡಬೇಕಾದವಳು.

"ನೀವು ಯಾಕೆ ಅಷ್ಟು ಜೋರಾಗಿ ಹೋಗುತ್ತಿದ್ದಿರಿ? ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದರೇ?" ಎಂದು ಕೇಳಿದಳು. ತಮಾಷೆಗಲ್ಲ, ನಿಜವಾಗಿಯೂ ಕೇಳಿದಳು.

ಮರುದಿನ, ಹೂವಿನ ಅಂಗಡಿಯ ಮುಂದೆ

ಈಗ ಹೇಳುವುದು ನಮ್ಮ ಕಡೆಯವರು ಮಾತ್ರ ಮಾಡಬಲ್ಲ ತಪ್ಪು.

ಮಂಗಳವಾರ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ನಾನು ಸೈಕಲ್ ಇಳಿದು ಒಂದು ಹೂವಿನ ಅಂಗಡಿಯ ಮಾಡಿನ ಕೆಳಗೆ ನಿಂತೆ. ಮಳೆ ಬಂದರೆ ನಿಲ್ಲುವುದು, ನಿಂತ ಮೇಲೆ ಹೊರಡುವುದು, ಇದರಲ್ಲಿ ಯೋಚಿಸುವುದೇನಿದೆ? ಬಾಗಲಕೋಟೆಯಲ್ಲಾಗಿದ್ದರೆ ಗಳಿಗೆಯೊಳಗೆ ಆ ಮಾಡಿನ ಕೆಳಗೆ ಹತ್ತು ಜನ ಸೇರಿ, ಐಹೊಳೆ ಕಡೆ ಆಗಿದೆಯೋ, ಕೂಡಲಸಂಗಮದ ಕಡೆ ಆಗಿದೆಯೋ, ನೆಲ ಎಷ್ಟು ಹಸಿ ಆಯಿತು ಎಂದು ಮಾತು ಹತ್ತುತ್ತಿತ್ತು. ಇಲ್ಲಿ ನಾನೊಬ್ಬಳೇ. ಮಿಕ್ಕವರೆಲ್ಲ ಟೊಪ್ಪಿಗೆ ಎಳೆದುಕೊಂಡು ನನ್ನ ಮುಂದೆಯೇ ಸುಮ್ಮನೆ ತುಳಿದುಕೊಂಡು ಹೋದರು. ಅಂಗಡಿಯಾಕೆ ಹೊರಗೆ ಬಂದು ಯಾವ ಹೂವು ಬೇಕು ಎಂದಳು. ಕೊನೆಗೆ ಅವಳ ದಾಕ್ಷಿಣ್ಯಕ್ಕೆ ಒಂದು ಕಟ್ಟು ಹೂವು ಕೊಂಡೆ.

ಮಳೆ ಪೂರ್ತಿ ನಿಂತ ಮೇಲೆಯೇ ಹೊರಟೆ. ಆಫೀಸಿನಲ್ಲಿ ಸಭೆ ನಡೆದಿತ್ತು. ಕೈಯಲ್ಲಿ ಹೂವು ಹಿಡಿದು, ಮುಖದ ತುಂಬ ನಗು ಹೊತ್ತು, ಬಾಗಿಲಲ್ಲಿ ನಿಂತು, "ಮಳೆ ಬಂತು," ಎಂದೆ. ನೀವೇ ಹೇಳಿ, ನಮ್ಮಲ್ಲಿ ಈ ಮಾತಿಗೆ ಯಾವ ಸಾಹೇಬರಾದರೂ ಸಿಟ್ಟಾಗಿದ್ದನ್ನು ನೋಡಿದ್ದೀರಾ? ಕೆಲಸ ಬಿಟ್ಟು ಕಿಟಕಿಗೆ ಬರುತ್ತಾರೆ. ಮಳೆ ಬಂತು ಎಂದರೆ ತಡವಾದದ್ದಕ್ಕೆ ಕಾರಣವಲ್ಲ, ಶುಭ ಸಮಾಚಾರ.

ಅಲ್ಲಿ ಯಾರೂ ನಗಲಿಲ್ಲ. ಮೇಜಿನ ತುದಿಯಲ್ಲಿ ಪೀಟರ್ ಕೂತಿದ್ದರು. ನರೆತ ಕೂದಲಿನ, ಹಗ್ಗದಷ್ಟು ತೆಳ್ಳಗಿನ ಮನುಷ್ಯ. ಫ್ಯಾನು ಯಾರಿಗೆ ಎಂದು ತೀರ್ಮಾನಿಸುವವರು ಅವರೇ.

"ಹೌದು, ಇಲ್ಲಿ ಮಳೆ ಬರುತ್ತದೆ," ಎಂದರು. "ಅದಕ್ಕೂ ನೀವು ತಡವಾಗಿ ಬಂದದ್ದಕ್ಕೂ ಏನು ಸಂಬಂಧ?"

"ನಿಲ್ಲಲಿ ಎಂದು ಕಾಯುತ್ತಿದ್ದೆ."

ಪೀಟರ್ ಪೆನ್ನು ಕೆಳಗಿಟ್ಟರು. "ನೋಡಿ, ಮಳೆ ಬಂದು ಹವೆ ತೇವವಾದ ಕೂಡಲೇ ಯಾರಾದರೂ ಗೋದಾಮಿಗೆ ಹೋಗಿ, ಕಿಂಡಿ ಮುಚ್ಚಿ ಫ್ಯಾನಿನ ವೇಗ ಬದಲಿಸಬೇಕು. ಆ ಹೊತ್ತಿಗೇ. ನಿಮ್ಮ ಊರಿನವರೆಲ್ಲ ಆಗ ಅಂಗಡಿ ಮುಂದೆ ನಿಂತಿದ್ದರೆ ನಮ್ಮ ಫ್ಯಾನು ಏನು ಮಾಡಬೇಕು?"

ನನ್ನ ಕಿವಿ ಬಿಸಿಯಾಯಿತು. ಸಿಟ್ಟೂ ಬಂತು, ಅವರ ಮಾತು ಖರೆ ಎಂಬುದೂ ಹೊಳೆಯಿತು. ಎರಡೂ ಒಟ್ಟಿಗೆ ಬಂದರೆ ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ನಾನು ತಪ್ಪಿದ್ದಕ್ಕೆ ಹುನಗುಂದದ ಗೋದಾಮಿಗೆ ಬೀಗ ಬೀಳುವಂತಾಯಿತಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ. ಕೊನೆಯ ಶುಕ್ರವಾರ ಹೇಳಿದ ಹೊತ್ತಿಗೆ, ಒಪ್ಪವಾಗಿ, ಆ ಮನುಷ್ಯನ ಮುಂದೆ ನಿಲ್ಲಲೇಬೇಕು ಎಂದು ಗಟ್ಟಿ ಮಾಡಿಕೊಂಡೆ.

ಕೆಂಪು ದೀಪದ ಹತ್ತಿರ

ಅಂದಿನಿಂದ ನಾನು ಆನೆಕೆಯ ಹಿಂದೆ ಬಿದ್ದೆ. ದಿನಾ ಅವಳ ಜೊತೆಯಲ್ಲೇ ಹೋಗುವುದು, ಅವಳು ಮಾಡಿದ್ದನ್ನೇ ಮಾಡುವುದು.

ಅವಳ ವಿದ್ಯೆಯೆಲ್ಲ ನಿಧಾನದಲ್ಲಿತ್ತು. ಮನೆಯಲ್ಲೇ ಆಫೀಸಿನ ಬಟ್ಟೆ ಹಾಕಿಕೊಳ್ಳಬೇಕು. ಬೆವರು ಬರುವುದಕ್ಕೆ ಒಂದು ಚೂರು ಮೊದಲೇ ಕಾಲು ಸಡಿಲ ಬಿಡಬೇಕು. ಅದಕ್ಕೆ ತಕ್ಕಂತೆ ಬೇಗ ಮನೆ ಬಿಡಬೇಕು, ಅಷ್ಟೇ. ಸೀಟು ನೆನೆಯದಂತೆ ಸಂತೆಚೀಲದ ಪ್ಲಾಸ್ಟಿಕ್ ಹೊದಿಸುತ್ತಿದ್ದಳು. ಕೆಂಪು ದೀಪ ಬಿದ್ದಾಗ ಎಲ್ಲರೂ ಒಂದೊಂದು ಕೆಲಸ ಮಾಡಿಕೊಳ್ಳುವುದನ್ನು ನೋಡುವುದೇ ಚಂದ. ಒಬ್ಬ ಟೈ ಸರಿಮಾಡಿಕೊಳ್ಳುತ್ತಾನೆ, ಒಬ್ಬಾಕೆ ತುಟಿಗೆ ಬಣ್ಣ ಹಚ್ಚುತ್ತಾಳೆ, ಹಸಿರಾಗುವಷ್ಟರಲ್ಲಿ ಊರಿಗೆ ಊರೇ ಸಿಂಗಾರವಾಗಿ ಹೊರಡುತ್ತದೆ. ನಮ್ಮಲ್ಲಿ ಸ್ಕೂಟಿ ಹೊಡೆಯುವ ಹೆಣ್ಣುಮಕ್ಕಳು ಧೂಳಿಗೆ, ಬಿಸಿಲಿಗೆ ಹೆದರಿ ಕಣ್ಣು ಬಿಟ್ಟು ಮುಖವೆಲ್ಲ ವೇಲು ಸುತ್ತಿಕೊಂಡಿರುತ್ತೇವೆ. ಸ್ವಂತ ತಂಗಿ ಪಕ್ಕದಲ್ಲಿ ನಿಂತಿದ್ದರೂ ಗುರುತು ಹತ್ತುವುದಿಲ್ಲ.

ಎರಡನೆಯ ವಾರಕ್ಕೆ ಚೂಡಿದಾರದಲ್ಲೇ ಸೈಕಲ್ ಮೇಲೆ ಹೋಗಿ, ಬಚ್ಚಲಿಗೆ ಹೋಗದೆ, ನೇರ ಕುರ್ಚಿಯಲ್ಲಿ ಕೂತೆ. ಅವತ್ತಿನ ನನ್ನ ಸಂಭ್ರಮ ಏನು ಹೇಳಲಿ. ಮಾರಿಕೆಯವರು ಕಾಫಿಯ ಜೊತೆ ದಿನಾ ಒಂದು ಬಿಸ್ಕೀಟು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದರು. ಅಲ್ಲಿಯವರ ಪದ್ಧತಿಯೇ ಹಾಗೆ, ಜಿಪುಣತನವಲ್ಲ ಎಂದು ಆಮೇಲೆ ತಿಳಿಯಿತು. ಅವತ್ತು ನನ್ನ ಸಾಹಸ ಕೇಳಿ ಡಬ್ಬಿ ಮತ್ತೊಮ್ಮೆ ತೆರೆದರು. ನಾನು ಎರಡು ತೆಗೆದುಕೊಂಡೆ.

ಕೊನೆಯ ಶುಕ್ರವಾರ

ಆ ದಿನದ ಮಟ್ಟಿಗೆ ಬಸ್ಸಿನಲ್ಲಿ ಹೋಗುವುದೆಂದು ಮೊದಲೇ ನಿಶ್ಚಯಿಸಿದ್ದೆ. ಸೀರೆಗೂ ಸೈಕಲ್ಲಿಗೂ ಆಗಿಬರುವುದಿಲ್ಲ ಎಂದು ಎಂಥವರಿಗೂ ಗೊತ್ತು. ಗುರುವಾರ ಸಂಜೆ ಮಾರಿಕೆ ಸುದ್ದಿ ತಂದರು: ನಾಳೆ ಬಸ್ಸಿನವರ ಮುಷ್ಕರ. ಟ್ಯಾಕ್ಸಿಗೆ ಫೋನು ಮಾಡಿದರೆ ಎಲ್ಲ ಗಾಡಿಗಳೂ ಆಗಲೇ ಬುಕ್ ಆಗಿ ಹೋಗಿದ್ದವು. ಮಾರಿಕೆಗೆ ಕಾರಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ಸರಿಸಿದರೆ ಮಳೆ, ಅದರ ಮೇಲೆ ಎದುರು ಗಾಳಿ.

ಅವ್ವನ ಸೀರೆಯನ್ನು ಆಫೀಸಿಗೆ ಉಡುವ ಹಾಗೆಯೇ ಉಟ್ಟು, ಹೆಚ್ಚಿನ ಬಟ್ಟೆಯನ್ನೆಲ್ಲ ನಿರಿಗೆಗೆ ತುರುಕಿ, ಅಂಗಳದಲ್ಲಿ ಒಂದು ಸುತ್ತು ಹೊಡೆದು ನೋಡಿದೆ. ಹಿಂದಿನ ಗಾಲಿಗೆ ಕೋಟಿನ ಅಂಚು ಸಿಕ್ಕದಂತೆ ಜಾಳಿಗೆ ಕಟ್ಟಿತ್ತು, ಆದರೆ ಒಂದೇ ಬದಿಗೆ. ಇನ್ನೊಂದು ಬದಿಗೆ ನಿರಿಗೆ ನುಗ್ಗಿ, ದಡಿಗೆ ಬೆರಳಗಲ ಕರಿ ಗ್ರೀಸು ಹತ್ತಿತು. ಗೋಮಿ ದಡಿ, ಅದೂ ಅವ್ವನದು. ನನಗೆ ಅಳುವೇ ಬಂತು. ಒಳಗೆ ಓಡಿ ಇಳಕಲ್ಲಿಗೆ ವಿಡಿಯೊ ಕಾಲ್ ಮಾಡಿದೆ.

"ಯವ್ವಾ, ಸೀರಿ ಗಾಲ್ಯಾಗ ಸಿಗತೈತಿ. ಪ್ಯಾಂಟ್ ಹಾಕ್ಕೊಂಡು ಹೋಗ್ತೇನಿ. ಗೌಡ್ರಿಗೆ ಹೇಳಬ್ಯಾಡ."

ಅವ್ವ ನೂಲು ಸುತ್ತುವುದನ್ನು ನಿಲ್ಲಿಸದೆಯೇ ಕೇಳಿದಳು. "ಯಾಕ, ಕಚ್ಚಿ ಹಾಕಾಕ ಬರೂದಿಲ್ಲೇನು?"

"ಕಚ್ಚಿ ಹಾಕ್ಕೊಂಡು ಯಾರರ ಆಫೀಸಿಗೆ ಹೋಗ್ತಾರನ?"

"ಕಚ್ಚಿ ಮ್ಯಾಲೆ ನಾ ಹೊಲದಾಗ ಕಳೆ ತಗದೇನಿ, ಚಕ್ಕಡಿ ಹೊಡದೇನಿ, ನಿನ್ನ ಬಗಲಾಗ ಎತ್ಕೊಂಡು ಶಿವಯೋಗ ಮಂದಿರದ ಕಡೆ ಹೊಳಿ ದಾಟೇನಿ. ನಿನ್ನ ಸೈಕಲ್ ಅದಕ್ಕಿಂತ ದೊಡ್ಡದೇನು? ಬಿಚ್ಚು, ಮೊದಲಿಂದ ಉಡು."

ಫೋನನ್ನು ಮಾರಿಕೆಯವರ ಚಹಾ ಕಿಟ್ಲಿಗೆ ಒರಗಿಸಿ ನಿಲ್ಲಿಸಿದೆ. ಅಲ್ಲಿಂದ ಅವ್ವ ಹೇಳುವುದು, ಇಲ್ಲಿ ನಾನು ಉಡುವುದು. "ನಿರಿಗಿ ಸಣ್ಣದು ಮಾಡು. ಈಗ ತುದಿ ಹಿಡಿದು ಕಾಲ ನಡುವಿಂದ ಹಿಂದಕ ತಗೋ. ಜಗ್ಗು. ಇನ್ನೂ ಜಗ್ಗು, ಹೆದರಬ್ಯಾಡ, ಇಳಕಲ್ ಸೀರಿ ಅದು. ಬೆನ್ನಿಂದ ಸಿಗಿಸು. ಈಗ ಕುಕ್ಕರಗಾಲಿಲೆ ಕುಂದ್ರು. ಏಳು. ಎಲ್ಲರ ಸಡಲ್ ಆತೇನು?"

ಸಡಿಲಾಗಿರಲಿಲ್ಲ. ಗ್ರೀಸಿನ ಕಲೆ ಹಿಂದಿನ ಮಡಿಕೆಯೊಳಗೆ ಎಲ್ಲಿ ಹೋಯಿತೋ ಕಾಣಲಿಲ್ಲ. ಎಂಟು ಗಜ ಯಾಕೆ ಬೇಕು ಎಂದು ನನಗೆ ಆಗ ತಿಳಿಯಿತು. ಆರು ಗಜದ ಸೀರೆಯಲ್ಲಿ ಈ ಕಚ್ಚೆ ಬರುತ್ತಲೇ ಇರಲಿಲ್ಲ. ಮಾರಿಕೆ ಬಾಗಿಲಲ್ಲಿ ನಿಂತು ಇಡೀ ನಾಟಕ ನೋಡಿದವರು ಹೋಗಿ ತಮ್ಮ ಹಳದಿ ರೇನ್‌ಕೋಟು ತಂದು ನನ್ನ ತಲೆಯ ಮೇಲಿಂದ ಇಳಿಸಿದರು.

ಆ ಸವಾರಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಕಾಲಿಗೆ ತೊಡರಿಲ್ಲ, ಗಾಲಿಗೆ ಭಯವಿಲ್ಲ. ಗಾಳಿ ಎದುರಿಗೆ ನೂಕುತ್ತಿದ್ದರೆ ನಾನು ಆನೆಕೆ ಕಲಿಸಿದ ಹಾಗೆ ನಿಧಾನ, ನಿಧಾನ ಎಂದುಕೊಳ್ಳುತ್ತ ತುಳಿದೆ. ಹೂವಿನ ಅಂಗಡಿಯಾಕೆ ಬಾಗಿಲಲ್ಲಿದ್ದಳು. ನಾನು ಮಳೆಯಲ್ಲಿ ನಿಲ್ಲದೆ ಹೋಗುವುದನ್ನು ಕಂಡು ಕೈ ಎತ್ತಿದಳು. ಕೆಂಪು ದೀಪ ಬಿದ್ದಾಗ ನಾನೂ ಕನ್ನಡಿ ತೆಗೆದು ಹಣೆಯ ಟಿಕಳಿ ಸರಿಮಾಡಿಕೊಂಡೆ. ಪಕ್ಕದ ಟೈಯವನು ನೋಡಿ ನಕ್ಕ, ನಾನೂ ನಕ್ಕೆ. ಆ ಊರಿನವಳೇ ಆಗಿಬಿಟ್ಟಿದ್ದೆ.

ಆಫೀಸು ಮುಟ್ಟಿದಾಗ ಇನ್ನೂ ಹೊತ್ತಿತ್ತು. ಬಚ್ಚಲಿಗೆ ಹೋಗಿ ಕಚ್ಚೆ ಬಿಚ್ಚಿ ಸರಿಯಾಗಿ ಉಡಬೇಕೆಂಬುದು ನನ್ನ ಲೆಕ್ಕ. ರೇನ್‌ಕೋಟು ತೆಗೆದು ಕನ್ನಡಿಯಲ್ಲಿ ನೋಡಿಕೊಂಡೆ. ಸೀರೆ ನೆನೆದಿರಲಿಲ್ಲ, ನಿರಿಗೆ ಒಂದೂ ಕದಲಿರಲಿಲ್ಲ, ಬೆವರಿರಲಿಲ್ಲ. ಇನ್ನು ಸರಿ ಮಾಡುವುದೇನಿದೆ ಎನ್ನಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಗೆಯೇ ಒಳಗೆ ನಡೆದೆ.

ಪೀಟರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಿಟಕಿ ನೋಡಿದರು. "ಮಳೆ ಬರುತ್ತಿದೆ," ಎಂದರು.

"ಹೌದು," ಎಂದೆ. ಕೂತು, ನಮ್ಮ ಗೋದಾಮಿನ ಕಥೆ ಮೊದಲಿಂದ ಹೇಳಿದೆ. ಗೋಡೆ ಯಾವ ದಿಕ್ಕಿಗಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮಳೆ ಬಂದಾಗ ಯಾರು ಓಡಿಹೋಗಿ ಕಿಂಡಿ ಮುಚ್ಚುತ್ತಾರೆ. ಆ ಕೊನೆಯ ಪ್ರಶ್ನೆಗೆ ಹಿಂದಿನ ವಾರವೇ ಫೋನಿನಲ್ಲಿ ಗೌಡರ ಬೆನ್ನು ಬಿದ್ದು, ಗೋದಾಮಿನ ಪಕ್ಕದ ಹೊಲದವರನ್ನು ಒಪ್ಪಿಸಿಟ್ಟಿದ್ದೆ.

ಪೀಟರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಜೂನ್‌ನಲ್ಲಿ ನಾನೇ ಬಂದು ಗೋದಾಮು ನೋಡುತ್ತೇನೆ. ಆಮೇಲೆ ಹೇಳುತ್ತೇನೆ," ಎಂದರು. ಬಾಗಿಲವರೆಗೆ ಬಂದು, "ಅಲ್ಲಿ ನನಗೊಂದು ಸೈಕಲ್ ಸಿಗುತ್ತದೆಯೇ?" ಎಂದು ಕೇಳಿದರು.

ಹುನಗುಂದ, ಜೂನ್

ಪ್ರವಾಸ ಊರು ಮುಟ್ಟಿದಾಗಲೇ ಮುಗಿಯಬೇಕು. ನನ್ನದು ಮುಗಿದಿರಲಿಲ್ಲ.

ಪೀಟರ್ ಹುನಗುಂದದ ಲಾಡ್ಜಿನಲ್ಲಿ ಇಳಿದುಕೊಂಡರು. ಅವರು ಕೇಳಿದ್ದಂತೆ ಒಂದು ಬಾಡಿಗೆ ಸೈಕಲ್ಲು ಕೊಡಿಸಿದ್ದೆ. ಕಾರು ಕಳಿಸುತ್ತೇವೆ ಎಂದರೆ ಬೇಡವೇ ಬೇಡ, ಸೈಕಲ್ ಮೇಲೆಯೇ ಹತ್ತಕ್ಕೆ ಸರಿಯಾಗಿ ಗೋದಾಮಿಗೆ ಬರುತ್ತೇನೆ ಎಂದರು. ನಾನು ಗೌಡರಿಗೂ ರೈತರಿಗೂ ಕಟ್ಟುನಿಟ್ಟಾಗಿ ಹೇಳಿದ್ದೆ. "ಕಾಕಾ, ಮಳಿ ಬಂದ್ರೂ ತಡಾ ಆಗಂಗಿಲ್ಲ. ಆ ಮನಷ್ಯಾ ಭಾಳ ಶಿಸ್ತಿನವ್ರು."

ಬೆಳಿಗ್ಗೆ ಮುಗಿಲು ಕಪ್ಪಾಗಿ, ಈ ವರ್ಷದ ಮೊದಲ ದೊಡ್ಡ ಮಳೆ ಹೊಡೆಯಿತು. ನಮ್ಮವರು ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು ಒಬ್ಬೊಬ್ಬರಾಗಿ ಬಂದರು. ಹತ್ತಕ್ಕೆ ಮೊದಲೇ ಎಲ್ಲರೂ ಗೋದಾಮಿನಲ್ಲಿದ್ದರು. ಪಕ್ಕದ ಹೊಲದವರು ಕಿಂಡಿಗಳನ್ನೂ ಮುಚ್ಚಿದ್ದರು. ಪೀಟರ್ ಮಾತ್ರ ಇಲ್ಲ. ಹತ್ತಾಯಿತು, ಹತ್ತೂವರೆಯಾಯಿತು. ಗೌಡರು ಮೀಸೆ ತಿರುವುತ್ತ, "ತಂಗೀ, ನಿಮ್ಮ ಶಿಸ್ತಿನವ್ರು ಎಲ್ಲಿ ಅದಾರ?" ಎಂದರು. ಮನಸ್ಸು ಬದಲಿಸಿ ಬಾಗಲಕೋಟೆಗೆ ಹೋಗಿ ರೈಲು ಹತ್ತಿಬಿಟ್ಟರೋ ಏನೋ ಎಂದು ಬಾಗಿಲಿಗೂ ರಸ್ತೆಗೂ ಓಡಾಡಿದೆ.

ಹನ್ನೊಂದರ ಹೊತ್ತಿಗೆ ಮಳೆ ಹನಿಗೆ ಬಂದಾಗ ಪೀಟರ್ ಕಂಡರು. ಸೈಕಲ್ಲಿನ ಮೇಲಲ್ಲ, ಸೈಕಲ್ಲು ಅವರ ಹೆಗಲ ಮೇಲೆ. ಎರಡೂ ಗಾಲಿಗೆ ಎರೆಮಣ್ಣು ಮೆತ್ತಿ ತಿರುಗದಂತಾಗಿತ್ತು. ಇಸ್ತ್ರಿಯ ಬಿಳಿ ಅಂಗಿ ಮೈಗೆ ಅಂಟಿತ್ತು, ಪ್ಯಾಂಟು ಮೊಳಕಾಲಿಗೆ ಏರಿತ್ತು, ಎರಡೂ ಕಾಲಿಗೆ ಮಣ್ಣಿನದೇ ಬೂಟು. ತಲೆಯ ಮೇಲೆ ಯಾರದೋ ಟವೆಲ್ಲು. ರಸ್ತೆಯ ಬದಿಯ ಚಹಾದಂಗಡಿಯವರು, ಮಳೆಯಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದು ಕೈ ಹಿಡಿದು ಒಳಗೆ ಎಳೆದುಕೊಂಡರಂತೆ. ಬಿಡಲೇ ಇಲ್ಲವಂತೆ. ಮಿರ್ಚಿ ಭಜಿ ತಿನ್ನಿಸಿ, ಎರಡು ಮಾತು ಕನ್ನಡ ಕಲಿಸಿಯೇ ಕಳಿಸಿದರಂತೆ. ಇದೆಲ್ಲ ತಿಳಿದದ್ದು ಆಮೇಲೆ.

ಪೀಟರ್ ಸೈಕಲ್ ಇಳಿಸಿ, ನನ್ನ ಕಡೆ ನೋಡದೆ, ನೇರ ಗೌಡರ ಮುಂದೆ ಹೋಗಿ, ಕಲಿತುಬಂದ ಮಾತನ್ನು ಒಂದೊಂದೇ ಅಕ್ಷರ ಜೋಡಿಸಿ ಹೇಳಿದರು. "ಮಳಿ ಬಂತ್ರೀ."

ಗೌಡರ ಮುಖ ಅರಳಿತು. "ಬರಲಿ ಬರ್ರಿ, ಛಲೋ ಆತು," ಎಂದು ಅವರ ಎರಡೂ ಕೈ ಹಿಡಿದುಕೊಂಡರು. ತಡವಾಯಿತು ಎಂಬ ಮಾತೇ ಯಾರ ಬಾಯಲ್ಲೂ ಬರಲಿಲ್ಲ.

ಪೀಟರ್ ಮಣ್ಣುಗಾಲಲ್ಲೇ ಒಳಗೆಲ್ಲ ಸುತ್ತಿದರು. ಉಳ್ಳಾಗಡ್ಡಿ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ ನೋಡಿದರು, ಮುಚ್ಚಿದ ಕಿಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಮುಚ್ಚಿದ್ದು ಯಾರು ಎಂದು ಕೇಳಿದರು. ಆಮೇಲೆ ಪಡುವಣ ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ, "ಮೊದಲ ಫ್ಯಾನು ಇಲ್ಲಿ," ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಗೌಡರಿಗೆ ತಿಳಿಯಿತು.

ಅಷ್ಟರಲ್ಲಿ ಮಳೆ ಮತ್ತೆ ಜೋರಾಯಿತು. ಪೀಟರ್‌ಗೆ ಮಧ್ಯಾಹ್ನ ಬಾಗಲಕೋಟೆಯಲ್ಲಿ ಇನ್ನೊಂದು ಭೇಟಿಯಿತ್ತು. ಹೊರಡೋಣವೇ, ಕಾರು ತರಿಸುತ್ತೇನೆ ಎಂದು ಕೇಳಿದೆ. ಅವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಮಳೆ ನೋಡಿದರು. ಆಮೇಲೆ ಬಂದು ಗೌಡರ ಪಕ್ಕದಲ್ಲಿ ಉಳ್ಳಾಗಡ್ಡಿ ಚೀಲದ ಮೇಲೆ ಕೂತು, ನಿಲ್ಲಲಿ ತಡೆಯಿರಿ ಎಂದರು.